ಉದ್ಯೋಗಪರ್ವದ ಎರಡು ಅರ್ಥಗಳು: ಮಹಾಯುದ್ಧ ಮತ್ತು ಮೈಸೂರು ಸಂಸ್ಥಾನ

‘ಉದ್ಯೋಗ’ ಎಂಬ ಸಂಸ್ಕೃತ ಮೂಲದ ಶಬ್ದ ಇಂದಿನ ಕನ್ನಡದಲ್ಲಿ ನೌಕರಿ, ಕಸುಬು, ಜೀವನೋಪಾಯ ಎಂಬ ಅರ್ಥಗಳಲ್ಲಿ ನೆಲೆನಿಂತಿದೆ. ಅದರ ಹಳೆಯ ಅರ್ಥವೊಂದು ಮಹಾಭಾರತದ ಐದನೆಯ ಪರ್ವದ ಹೆಸರಿನಲ್ಲಿ ಉಳಿದುಕೊಂಡಿದೆ. ಅಲ್ಲಿ ಉದ್ಯೋಗವೆಂದರೆ ಯುದ್ಧಸನ್ನಾಹ: ದೂತರನ್ನು ಕಳುಹಿಸುವುದು, ಅರಸರನ್ನು ಒಲಿಸಿಕೊಳ್ಳುವುದು, ಅಕ್ಷೋಹಿಣಿಗಳನ್ನು ಲೆಕ್ಕ ಹಾಕುವುದು, ಕೊನೆಗೆ ಪಡೆಗಳನ್ನು ಕುರುಕ್ಷೇತ್ರದಲ್ಲಿ ತಂದು ನಿಲ್ಲಿಸುವುದು. ಬಾಣವೊಂದೂ ಹಾರದ ಈ ಪರ್ವ ಯುದ್ಧಪರ್ವಗಳಿಗಿಂತ ಕಡಿಮೆ ಭೀಕರವೇನಲ್ಲ. ಯುದ್ಧವು ರಣರಂಗಕ್ಕೆ ಮೊದಲು ಮನೆಯೊಳಗೆ ಪ್ರವೇಶಿಸುತ್ತದೆ ಎಂಬುದನ್ನು ಅದು ಕಾಣಿಸುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ಮಹಾಯುದ್ಧವು ಕನ್ನಡನಾಡನ್ನು ಹೊಕ್ಕ ಬಗೆಯನ್ನು ಅರಿಯಲು ಈ ಹೆಸರಿಗಿಂತ ಉಚಿತವಾದ ಪ್ರವೇಶದ್ವಾರ ಸಿಗುವುದು ಕಷ್ಟ.

ಪಕ್ಷ ಹಿಡಿಯದೆ ಉಳಿದವರ ಕಥೆಯನ್ನೂ ಉದ್ಯೋಗಪರ್ವವೇ ಹೇಳುತ್ತದೆ. ಬಲರಾಮ ಎರಡು ಪಕ್ಷಗಳಿಗೂ ಬೇಕಾದವನು. ಯಾರನ್ನೂ ಸೇರಲಾರದೆ ತೀರ್ಥಯಾತ್ರೆಗೆ ಹೊರಡುತ್ತಾನೆ. ರುಕ್ಮಿಯದು ಇದಕ್ಕೆ ವಿಪರ್ಯಾಸವಾದ ಸ್ಥಿತಿ. ಅವನು ಸೇನೆಯೊಡನೆ ಬಂದು ನೆರವು ನೀಡುತ್ತೇನೆಂದು ಬಡಾಯಿ ಕೊಚ್ಚಿಕೊಂಡಾಗ ಅರ್ಜುನನೂ ಒಲ್ಲೆನೆಂದ, ದುರ್ಯೋಧನನೂ ಒಲ್ಲೆನೆಂದ. ಅವನ ತಾಟಸ್ಥ್ಯ ಆಯ್ದುಕೊಂಡದ್ದಲ್ಲ, ತಲೆಗೆ ಬಿದ್ದದ್ದು. ಕುಮಾರವ್ಯಾಸನ ವಿದುರ ಇವರಿಬ್ಬರಿಗಿಂತ ಹೆಚ್ಚು ಮನಸ್ಸಿನಲ್ಲಿ ಉಳಿಯುತ್ತಾನೆ. ಕೃಷ್ಣನಿಗೆ ಆತಿಥ್ಯ ನೀಡಿದ ತಪ್ಪಿಗೆ ಕೌರವನಿಂದ ಹೀಯಾಳಿಕೆ ಕೇಳಿದ ವಿದುರ ತುಂಬಿದ ಸಭೆಯಲ್ಲಿಯೇ ತನ್ನ ಬಿಲ್ಲನ್ನು ಮುರಿದು ಯುದ್ಧದಿಂದ ಹೊರಗಾಗುತ್ತಾನೆ. ಹಸ್ತಿನಾವತಿಯ ಅನ್ನ ಉಂಡವನಿಗೆ ಉಳಿದಿದ್ದ ಸ್ವಾತಂತ್ರ್ಯ ಅದೊಂದೇ. ಆ ಬಿಲ್ಲಾದರೂ ಅವನದಾಗಿತ್ತು ಎಂಬುದನ್ನು ಗಮನಿಸಬೇಕು.

ರಾಜನೀತಿಶಾಸ್ತ್ರ ಇದೇ ಸಂಗತಿಯನ್ನು ಬೇರೆ ಮಾತಿನಲ್ಲಿ ಹೇಳುತ್ತದೆ. ಕೌಟಿಲ್ಯನ ಷಾಡ್ಗುಣ್ಯದಲ್ಲಿ ಸಂಧಿ, ವಿಗ್ರಹಗಳ ಜೊತೆಗೆ ‘ಆಸನ’ಕ್ಕೂ ಸ್ಥಾನವಿದೆ, ಅದು ಕಾದು ಕುಳಿತಿರುವ ನೀತಿ. ಅವನ ಮಂಡಲಸಿದ್ಧಾಂತದಲ್ಲಿ ಬರುವ ‘ಉದಾಸೀನ’ ಅರಸನಾದರೋ ದುರ್ಬಲನಲ್ಲ. ವಿಜಿಗೀಷು, ಅರಿ, ಮಧ್ಯಮ ಈ ಮೂವರಿಂದಲೂ ದೂರದಲ್ಲಿದ್ದು, ಅವರಲ್ಲಿ ಯಾರಿಗೆ ಬೇಕಾದರೂ ನೆರವಾಗಬಲ್ಲ, ಯಾರನ್ನು ಬೇಕಾದರೂ ತಡೆಯಬಲ್ಲ ಬಲಶಾಲಿ. ಆಧುನಿಕ ಕನ್ನಡ ‘ಉದಾಸೀನ’ಕ್ಕೆ ನಿರ್ಲಕ್ಷ್ಯವೆಂಬ ಅರ್ಥವನ್ನು ಅಂಟಿಸಿ, ರಾಜಕೀಯಾರ್ಥಕ್ಕೆ ‘ತಟಸ್ಥ’ ಎಂಬುದನ್ನು ಬಳಸಿತು. ತಟದಲ್ಲಿ ನಿಂತವನು ತಟಸ್ಥ. ಆದರೆ ನಿಲ್ಲುವುದಕ್ಕೆ ತಟವಾದರೂ ಇರಬೇಕಲ್ಲವೇ?

೧೯೧೪ರಲ್ಲಿ ಮೈಸೂರು ಸಂಸ್ಥಾನಕ್ಕೆ ಅಂಥ ತಟವಿರಲಿಲ್ಲ. ೧೮೩೧ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಬ್ರಿಟಿಷರು ವಹಿಸಿಕೊಂಡ ಆಡಳಿತ ಅರ್ಧ ಶತಮಾನದ ಅನಂತರ, ೧೮೮೧ರಲ್ಲಿ, ಹಲವು ಷರತ್ತುಗಳೊಡನೆ ಅರಸುಮನೆತನಕ್ಕೆ ಹಿಂದಿರುಗಿತು. ಪರರಾಜ್ಯಗಳೊಡನೆ ನೇರ ವ್ಯವಹಾರ ಕೂಡದು, ಹೊಸ ಕೋಟೆಗಳನ್ನು ಕಟ್ಟಕೂಡದು, ಸೇನೆಯ ಪ್ರಮಾಣಕ್ಕೆ ಸರಕಾರದ ಒಪ್ಪಿಗೆ ಬೇಕು. ೧೯೧೩ರ ನವೆಂಬರಿನಲ್ಲಿ ಆ ಷರತ್ತುಪತ್ರದ ಸ್ಥಾನದಲ್ಲಿ ‘ಒಪ್ಪಂದ’ವೆಂಬ ಗೌರವದ ಹೆಸರುಳ್ಳ ಹೊಸ ದಸ್ತಾವೇಜು ಬಂದಿತು. ಹೆಸರು ಬದಲಾಯಿತೇ ಹೊರತು ಅಧೀನತೆಯ ತಿರುಳು ಬದಲಾಗಲಿಲ್ಲ. ಅದಾಗಿ ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ, ೧೯೧೪ರ ಆಗಸ್ಟ್ ೪ರಂದು, ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಆ ಘೋಷಣೆಯೇ ಮೈಸೂರಿನ ಯುದ್ಧಪ್ರವೇಶವೂ ಆಯಿತು. ಇಟಲಿ ೧೯೧೫ರ ಮೇ ತಿಂಗಳವರೆಗೆ, ಅಮೆರಿಕ ೧೯೧೭ರ ಏಪ್ರಿಲಿನವರೆಗೆ ತಟಸ್ಥವಾಗಿ ಉಳಿದು, ಲಾಭನಷ್ಟಗಳನ್ನು ತೂಗಿ ನೋಡಿ ಯುದ್ಧಕ್ಕಿಳಿದವು. ಮೈಸೂರಿಗೆ ತೂಗುವ ಅವಕಾಶವೇ ಇರಲಿಲ್ಲ.

ವಿಚಿತ್ರವೆಂದರೆ ಮೈಸೂರಿನ ರಾವುತರ ಹಣೆಬರಹವನ್ನು ಬರೆದದ್ದು ಮತ್ತೊಂದು ತಟಸ್ಥ ರಾಷ್ಟ್ರದ ಯುದ್ಧಪ್ರವೇಶ. ತುರ್ಕಿಯ ಆಟೊಮನ್ ಸಾಮ್ರಾಜ್ಯ ೧೯೧೪ರ ಆಗಸ್ಟ್ ೨ರಂದೇ ಜರ್ಮನಿಯೊಡನೆ ಗುಟ್ಟಾಗಿ ಮೈತ್ರಿ ಮಾಡಿಕೊಂಡು, ಹೊರಗೆ ಸಶಸ್ತ್ರ ತಾಟಸ್ಥ್ಯವನ್ನು ಸಾರಿತ್ತು; ಒಳಗೆ ಸೇನೆಯ ಜಮಾವಣೆ ಭರದಿಂದ ನಡೆದಿತ್ತು. ಜರ್ಮನಿಯ ಎರಡು ಯುದ್ಧನೌಕೆಗಳು ತುರ್ಕಿಯ ಬಾವುಟ ಏರಿಸಿಕೊಂಡವು; ಅಕ್ಟೋಬರ್ ೨೯ರಂದು ಆ ನೌಕಾಪಡೆ ಕಪ್ಪುಸಮುದ್ರದ ರಷ್ಯನ್ ಬಂದರುಗಳ ಮೇಲೆ ಗುಂಡಿನ ಮಳೆಗರೆಯಿತು. ನವೆಂಬರ್ ೫ರಂದು ಬ್ರಿಟನ್ ತುರ್ಕಿಯ ಮೇಲೆ ಯುದ್ಧ ಸಾರಿದಾಗ ಸೂಯೆಜ್ ಕಾಲುವೆ ಒಮ್ಮೆಲೇ ಗಡಿಪ್ರದೇಶವಾಯಿತು. ಈಜಿಪ್ಟಿನತ್ತ ಸಾಗಿದ್ದ ಮೈಸೂರು ಲ್ಯಾನ್ಸರ್ಸ್ ಅಶ್ವದಳಕ್ಕೆ ಆ ಕಾಲುವೆಯನ್ನು ಕಾಯುವ ಕೆಲಸ ಬಿದ್ದಿತು. ತುರ್ಕಿಯ ಜಮಾವಣೆಗೆ ಅಲ್ಲಿಯ ಭಾಷೆಯಲ್ಲಿ ‘ಸೆಫೆರ್‌ಬೆರ್ಲಿಕ್’ ಎಂಬ ಹೆಸರು. ಸಿರಿಯ, ಲೆಬನಾನ್‌ಗಳ ಜನರ ನೆನಪಿನಲ್ಲಿ ಈ ಶಬ್ದ ಕ್ರಮೇಣ ಸೇನೆಯ ಜಮಾವಣೆ ಎಂಬ ಅರ್ಥವನ್ನು ಮೀರಿ ಕ್ಷಾಮ, ಮಿಡತೆಯ ಹಾವಳಿ, ಮರಳಿ ಬಾರದ ಗಂಡಸರು ಎಂಬ ಅರ್ಥಗಳನ್ನು ಪಡೆಯಿತು. ನಮ್ಮ ‘ಉದ್ಯೋಗ’ ಯುದ್ಧದಿಂದ ಜೀವನೋಪಾಯಕ್ಕೆ ಸಾಗಿದರೆ ಅವರ ಶಬ್ದ ಯುದ್ಧದಿಂದ ಹಸಿವಿಗೆ ಸಾಗಿತು. ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಅರ್ಥಾಂತರದ ಉದಾಹರಣೆಗಳಿಗಾಗಿ ನಿಘಂಟುಗಳನ್ನು ತಿರುವಿಹಾಕುವಾಗ ಇಂಥ ಶಬ್ದಗಳ ಕಡೆಗೂ ಕಣ್ಣು ಹಾಯಿಸುವುದು ಒಳ್ಳೆಯದು.

ಲ್ಯಾನ್ಸರ್ಸ್ ದಳದ ಸಾಹಸವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಜೋಧಪುರ, ಹೈದರಾಬಾದು, ಮೈಸೂರು ಸಂಸ್ಥಾನಗಳ ರಾವುತರು ಕೂಡಿದ್ದ ಹದಿನೈದನೆಯ ಅಶ್ವದಳದ ಬ್ರಿಗೇಡು ಸಿನಾಯ್, ಪ್ಯಾಲೆಸ್ಟೈನುಗಳನ್ನು ಹಾದು ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ನಗರವನ್ನು ಗೆದ್ದಿತು. ಜೋಧಪುರದ ಸವಾರರು ಮೆಷಿನ್‌ಗನ್ನುಗಳಿಗೆ ಎದುರಾಗಿ ಕುದುರೆಗಳನ್ನು ನುಗ್ಗಿಸುತ್ತಿದ್ದಾಗ ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ಫಿರಂಗಿಗಳನ್ನು ವಶಪಡಿಸಿಕೊಂಡಿತು. ಮರುತಿಂಗಳು ೨೬ರಂದು ಅಲೆಪ್ಪೊ ಸಮೀಪದ ಹರಿತಾನಿನಲ್ಲಿ ಹಿಮ್ಮೆಟ್ಟುತ್ತಿದ್ದ ತುರ್ಕಿಸೇನೆಯೊಡನೆ ನಡೆದ ಕಾಳಗದಲ್ಲಿಯೂ ಮೈಸೂರಿನವರಿದ್ದರು. ನಾಲ್ಕು ದಿನಗಳಲ್ಲಿ ತುರ್ಕಿಯೊಡನೆ ಕದನವಿರಾಮವಾಯಿತು. ದೆಹಲಿಯ ತೀನ್ ಮೂರ್ತಿಯ ಮೂರು ಯೋಧರು ಈ ಮೂರು ಸಂಸ್ಥಾನಗಳ ಪ್ರತಿನಿಧಿಗಳು. ೨೦೧೮ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಕಲಬುರ್ಗಿ, ರಾಯಚೂರು, ಬೀದರುಗಳು ಅಂದು ನಿಜಾಮನ ಸೀಮೆಯಲ್ಲಿದ್ದುದರಿಂದ ಮೂರರಲ್ಲಿ ಎರಡು ಮೂರ್ತಿಗಳ ಸಂಸ್ಥಾನಗಳು ಕನ್ನಡನೆಲವನ್ನು ಒಳಗೊಂಡಿದ್ದವು ಎಂಬುದು ಅನೇಕರಿಗೆ ಹೊಳೆಯದ ಸಂಗತಿ.

ಈ ಕೀರ್ತಿಯ ಕಥೆಗಿಂತ ಮನೆಯೊಳಗಿನ ಸನ್ನಾಹದ ಕಥೆ ಹೆಚ್ಚು ಪರಿಶೀಲನೆಗೆ ಅರ್ಹವಾದುದು. ಯುದ್ಧ ಆರಂಭವಾಗುತ್ತಲೇ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧವೆಚ್ಚಕ್ಕೆಂದು ೫೦ ಲಕ್ಷ ರೂಪಾಯಿಗಳ ಕಾಣಿಕೆ ನೀಡಿದರು. ಈ ಮೊತ್ತದ ತೂಕ ತಿಳಿಯಬೇಕಾದರೆ ಅದನ್ನು ಸಂಸ್ಥಾನ ಪ್ರತಿವರ್ಷ ತೆರುತ್ತಿದ್ದ ಪೊಗದಿಯ ಪಕ್ಕದಲ್ಲಿಡಬೇಕು. ೧೭೯೯ರಲ್ಲಿ, ಟಿಪ್ಪುವಿನ ಪತನಾನಂತರ, ಬ್ರಿಟಿಷ್ ಸೇನೆಯ ರಕ್ಷಣೆಗಾಗಿಯೇ ಗೊತ್ತುಪಡಿಸಿದ ಆ ಪೊಗದಿಯನ್ನು ೧೮೮೧ರ ಷರತ್ತುಗಳು ೨೪.೫ ಲಕ್ಷದಿಂದ ೩೫ ಲಕ್ಷಕ್ಕೆ ಏರಿಸಿದ್ದವು. ರಕ್ಷಿಸುವವರಿಗೆ ವರ್ಷವರ್ಷವೂ ೩೫ ಲಕ್ಷ ತೆತ್ತ ಸಂಸ್ಥಾನ, ಅವರ ರಕ್ಷಣೆಗಾಗಿ ಮತ್ತೆ ೫೦ ಲಕ್ಷ ಕೊಟ್ಟಿತು. ಸಾಲದೆಂಬಂತೆ ರಾವುತರನ್ನೂ ಕಳುಹಿಸಿತು. ಇದನ್ನು ರಾಜಭಕ್ತಿಯೆಂದು ಹೊಗಳಿದವರೂ ಗುಲಾಮಗಿರಿಯೆಂದು ತೆಗಳಿದವರೂ ಒಂದು ವಿಷಯವನ್ನು ಮರೆಯುತ್ತಾರೆ. ಕಾಣಿಕೆಯ ಹಿಂದೆ ಲೆಕ್ಕಾಚಾರವಿರಲು ಸಾಧ್ಯ. ಒಲ್ಲೆನೆನ್ನುವ ಹಕ್ಕಿಲ್ಲದವನು ಕೇಳುವ ಮೊದಲೇ ಕೊಟ್ಟರೆ, ಕೊಟ್ಟವನೆಂಬ ಸ್ಥಾನವಾದರೂ ಅವನಿಗೆ ದಕ್ಕುತ್ತದೆ.

ಲೆಕ್ಕಾಚಾರದ ನಿಜವಾದ ಸ್ವರೂಪ ಕಾಣುವುದು ಶ್ರೀಗಂಧದ ಪ್ರಕರಣದಲ್ಲಿ. ಮೈಸೂರಿನಲ್ಲಿ ಗಂಧದ ಮರ ಆಗ ಅರಸನ ಸೊತ್ತಾಗಿತ್ತು. ಯಾರ ಹೊಲದಲ್ಲಿ ಬೆಳೆದರೂ ಅದು ಸರಕಾರದ್ದೇ ಆಗಿತ್ತು. ಅರಣ್ಯ ಇಲಾಖೆ ಮರವನ್ನು ಬೇರುಸಹಿತ ಕಿತ್ತು, ತೊಗಟೆ ಮತ್ತು ಬಿಳಿಮರವನ್ನು ಕೆತ್ತಿ, ಚೇಗನ್ನು ತರಗತಿಗಳಾಗಿ ವಿಂಗಡಿಸಿ ಗಂಧದ ಕೋಠಿಗಳಲ್ಲಿ ಹರಾಜು ಹಾಕುತ್ತಿತ್ತು. ಯುದ್ಧಪೂರ್ವದಲ್ಲಿ ಈ ಮರದ ಬಹುಪಾಲು ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ಅಲ್ಲಿ ಇಳಿಯುತ್ತಿತ್ತು, ಲಾಭವೂ ಅಲ್ಲಿಯೇ ಉಳಿಯುತ್ತಿತ್ತು. ಯುದ್ಧ ಆರಂಭವಾದೊಡನೆ ಕೊಳ್ಳುವವರು ಶತ್ರುಗಳಾದರು, ಕೋಠಿಗಳಲ್ಲಿ ಮರ ರಾಶಿಬಿದ್ದಿತು, ಬೊಕ್ಕಸಕ್ಕೆ ಬರುತ್ತಿದ್ದ ಮುಖ್ಯ ವರಮಾನವೊಂದು ಬತ್ತಿತು. ಮೈಸೂರಿನವರು ಆರಿಸಿಕೊಳ್ಳದ ಶತ್ರು ಮೈಸೂರಿನ ಅತಿ ದೊಡ್ಡ ಗಿರಾಕಿಯಾಗಿದ್ದ!

ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಕೈಗಾರಿಕೆಗಳ ಹೊಣೆ ಆಲ್ಫ್ರೆಡ್ ಚಾಟರ್ಟನ್ ಅವರದು. ಬೆಂಗಳೂರಿನ ತಾತಾ ವಿಜ್ಞಾನಮಂದಿರದಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರು ಗಂಧದ ಚೇಗಿನಿಂದ ಎಣ್ಣೆ ಇಳಿಸುವ ಪ್ರಯೋಗ ನಡೆಸಿದರು. ಕೆಲಸ ಹೇಳಿದಷ್ಟು ಸುಲಭವಲ್ಲ. ಚೇಗನ್ನು ಪುಡಿಮಾಡಿ ಹಬೆ ಹಾಯಿಸಬೇಕು. ಎಣ್ಣೆ ನಿಧಾನವಾಗಿ, ಗಂಟೆಗಟ್ಟಲೆ, ದಿನಗಟ್ಟಲೆ ಇಳಿಯುತ್ತದೆ. ಆತುರಪಟ್ಟರೆ ಮರದಲ್ಲಿಯೇ ಉಳಿದುಹೋಗುತ್ತದೆ. ಔಷಧಕ್ಕೆ ಒಪ್ಪುವ ಎಣ್ಣೆಯಲ್ಲಿ ಸಾಂಟಲಾಲ್ ಎಂಬ ಸತ್ವ ನಿಗದಿತ ಪ್ರಮಾಣದಲ್ಲಿರಬೇಕು. ೧೯೧೬ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಸರಕಾರಿ ಕಾರ್ಖಾನೆಗಳು ಎಣ್ಣೆ ಇಳಿಸತೊಡಗಿದವು. ೧೯೧೮ರಲ್ಲಿ ಸಾಬೂನು ಕಾರ್ಖಾನೆಯೂ ಆರಂಭವಾಯಿತು. ಮುಂದೆ ಕನ್ನಡನಾಡಿನ ಮನೆಮನೆಯ ಬಚ್ಚಲನ್ನು ಸೇರಿದ ಮೈಸೂರು ಸ್ಯಾಂಡಲ್ ಸಾಬೂನಿನ ಮೂಲ ಈ ಯುದ್ಧದ ಇಕ್ಕಟ್ಟಿನಲ್ಲಿದೆ. ಉದ್ಯೋಗವೆಂಬ ಶಬ್ದದ ಎರಡು ಅರ್ಥಗಳೂ ಇಲ್ಲಿ ಒಂದೇ ಕಡಾಯಿಯಲ್ಲಿ ಕುದಿದಂತೆ ತೋರುತ್ತದೆ.

ಎಲ್ಲ ಪ್ರಯತ್ನಗಳೂ ಹೀಗೆ ಫಲಿಸಲಿಲ್ಲ. ಯುದ್ಧಕಾಲದ ಉಕ್ಕಿನ ಬೆಲೆ, ಸಾಮಾನುಗಳ ಅಭಾವ ಇವುಗಳ ನಡುವೆ ರೂಪುಗೊಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ್ದು ೧೯೨೩ರಲ್ಲಿ. ಅಷ್ಟರಲ್ಲಿ ಬೆಲೆಗಳು ಕುಸಿದಿದ್ದವು. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಮತ್ತೆ ಬಂದು ಅದರ ಆಡಳಿತವನ್ನು ವಹಿಸಿಕೊಳ್ಳಬೇಕಾಯಿತು. ಯುದ್ಧವು ಕೈಗಾರಿಕೆಯನ್ನು ಹುಟ್ಟಿಸಬಲ್ಲದು, ಸಾಕಲಾರದು ಎಂಬ ವಿಮರ್ಶೆ ಭದ್ರಾವತಿಯ ಮಟ್ಟಿಗೆ ಮೊದಲ ವರ್ಷಗಳಲ್ಲಿ ನಿಜವೇ ಆಗಿತ್ತು. ಗಂಧದೆಣ್ಣೆ ಬದುಕಿದ್ದು ಕಚ್ಚಾವಸ್ತುವಿನ ಒಡೆತನ ಸಂಸ್ಥಾನದ ಕೈಯಲ್ಲಿದ್ದುದರಿಂದ.

ತಾಟಸ್ಥ್ಯದ ಪ್ರಶ್ನೆ ಇನ್ನೂ ಕಹಿಯಾಗಿ ಎದುರಾದದ್ದು ಕರಾವಳಿಯಲ್ಲಿ. ಬಾಸೆಲ್ ಮಿಶನ್ನಿನ ಕೇಂದ್ರಸ್ಥಾನ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ; ಸ್ವಿಟ್ಜರ್ಲೆಂಡ್ ಆ ಯುದ್ಧದುದ್ದಕ್ಕೂ ತಟಸ್ಥವಾಗಿತ್ತು. ಆದರೆ ಮಿಶನ್ನಿನ ಪಾದ್ರಿಗಳಲ್ಲಿ ಬಹುಮಂದಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದ ಈ ಸಂಸ್ಥೆ ಕನ್ನಡಕ್ಕೆ ಮಾಡಿದ ಸೇವೆಯನ್ನು ಈ ಸಂಪುಟದ ಓದುಗರಿಗೆ ವಿವರಿಸಬೇಕಾಗಿಲ್ಲ: ಮಂಗಳೂರಿನ ಅಚ್ಚುಕೂಟ, ೧೮೪೩ರ ‘ಮಂಗಳೂರ ಸಮಾಚಾರ’, ೧೮೯೪ರ ಕಿಟೆಲ್ ನಿಘಂಟು. ಹಂಚಿನ ಕಾರ್ಖಾನೆ, ನೇಯ್ಗೆಯ ಕಾರ್ಖಾನೆಗಳ ಮೂಲಕ ಸಾವಿರಾರು ಕುಟುಂಬಗಳಿಗೆ ಅನ್ನ ಒದಗಿಸಿದ ಸಂಸ್ಥೆಯೂ ಅದೇ. ಸಿಪಾಯಿಗಳ ಕಾಕಿ ಬಣ್ಣವನ್ನು ಮೊದಲು ಸಿದ್ಧಪಡಿಸಿದ್ದು ಬಲ್ಮಠದ ನೇಯ್ಗೆಯ ಕಾರ್ಖಾನೆಯಲ್ಲಿ ಹಾಲರ್ ಎಂಬವರು ಎಂಬ ಪ್ರತೀತಿ ಮಂಗಳೂರಿನಲ್ಲಿ ಇಂದಿಗೂ ಇದೆ. ಯುದ್ಧ ಬಂದಾಗ ಕಾಕಿ ತೊಟ್ಟವರೇ ಬಂದು ಜರ್ಮನ್ ಪಾದ್ರಿಗಳನ್ನು ಬಂಧಿಸಿದರು. ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿರಿಸಿ, ಬಳಿಕ ಸ್ವದೇಶಕ್ಕೆ ಸಾಗಿಸಲಾಯಿತು. ಕಾರ್ಖಾನೆಗಳೂ ವ್ಯಾಪಾರವೂ ಸರಕಾರದ ವಶವಾಗಿ ೧೯೧೯ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಮಿಶನ್ನು ಸ್ವಿಸ್ ಎಂಬ ವಾದ ನಿಲ್ಲಲಿಲ್ಲ. ತಟಸ್ಥ ನೆಲದ ವಿಳಾಸ ಹೊಂದಿದ್ದ ಸಂಸ್ಥೆಗೂ ಕೌಟಿಲ್ಯನ ಉದಾಸೀನನಿಗಿದ್ದ ಬಲವಿರಲಿಲ್ಲ. ಹಂಚಿನ ಕಾರ್ಖಾನೆಯ ಕೆಲಸಗಾರನ ಮಟ್ಟಿಗೆ ಯುದ್ಧವೆಂದರೆ ದಣಿ ಬದಲಾದದ್ದು.

ಇದೇ ವರ್ಷಗಳಲ್ಲಿ ಕನ್ನಡದ ಎರಡು ದೊಡ್ಡ ಸಂಸ್ಥೆಗಳು ಹುಟ್ಟಿದವು ಎಂಬುದನ್ನು ಸಾಹಿತ್ಯಚರಿತ್ರೆಗಳು ಹೇಳುತ್ತವೆ; ಅವು ಯುದ್ಧದ ನಡುವೆ ಹುಟ್ಟಿದವು ಎಂಬುದಕ್ಕೆ ಒತ್ತು ಕೊಡುವುದು ಅಪರೂಪ. ಕರ್ಣಾಟಕ ಸಾಹಿತ್ಯ ಪರಿಷತ್ತು ೧೯೧೫ರ ಮೇ ತಿಂಗಳಿನದು. ಮೈಸೂರು ವಿಶ್ವವಿದ್ಯಾನಿಲಯ ೧೯೧೬ರ ಜುಲೈ ತಿಂಗಳಿನದು. ಪರಿಷತ್ತಿನ ಮೊದಲ ಅಧ್ಯಕ್ಷರಾದ ಎಚ್. ವಿ. ನಂಜುಂಡಯ್ಯನವರೇ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳೂ ಆದರು. ಐದಾರು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಯಾರ ಯುದ್ಧವೆಂದು ಕೇಳುವ ಹಕ್ಕಿಲ್ಲದ ದಿನಗಳಲ್ಲಿ ಯಾರ ಭಾಷೆಯೆಂದು ಕೇಳಲು ಒಂದೆಡೆ ಕೂಡಿದರು. ಇದೂ ಒಂದು ಜಮಾವಣೆ. ಆದರೂ ಕಾರ್ಮೆಲ್ ಬೆಟ್ಟ ಹತ್ತಿದ ರಾವುತ ನವೋದಯದ ಯಾವ ಪ್ರಮುಖ ಕೃತಿಗೂ ನಾಯಕನಾಗಲಿಲ್ಲ. ಬೀಡನೊಳಗಿನ ವೀರರಿಗೆ, ಊರಳಿವಿನಲ್ಲಿ ತುರುಗೊಳ್ಳಿನಲ್ಲಿ ಮಡಿದ ಹೆಸರಿಲ್ಲದ ಗೌಡನಿಗೆ ಕೂಡ ವೀರಗಲ್ಲು ನೆಟ್ಟ ನಾಡಿನಲ್ಲಿ ಈ ಮೌನ ವಿಚಾರಾರ್ಹ. ಸತ್ತವನ ಸಾವು ಯಾರಿಗಾಗಿ ಎಂಬುದು ವೀರಗಲ್ಲಿಗೆ ಸ್ಪಷ್ಟವಿರುತ್ತದೆ; ಹೈಫಾದ ಸಾವಿಗೆ ಕನ್ನಡದಲ್ಲಿ ಅಂಥ ಸ್ಪಷ್ಟತೆ ಒದಗಲಿಲ್ಲ.

ಯುದ್ಧದ ಕೊನೆಯ ಕಂತು ಊರೂರಿಗೂ ತಲುಪಿತು. ೧೯೧೮ರ ಬೇಸಗೆಯ ಕೊನೆಗೆ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ರೈಲುಹಾದಿ ಹಿಡಿದು ಒಳನಾಡಿಗೆ ಹರಡಿತು. ಪುಣೆ, ಸೊಲ್ಲಾಪುರಗಳ ಕಡೆಗೆ ಹೋಗುವ ಪ್ರತಿಯೊಂದು ಗಾಡಿಯೂ ಆಗ ಠಾಣೆ, ಕಲ್ಯಾಣಗಳನ್ನು ಹಾದೇ ಹೋಗಬೇಕಿತ್ತು. ೧೮೫೩ರಲ್ಲಿ ಬೋರಿಬಂದರಿನಿಂದ ಠಾಣೆಯವರೆಗೆ ಹಾಕಿದ ಮೊದಲ ಹಳಿಗಳ ಮುಂದುವರಿಕೆ ಅದು. ಸೈನಿಕರನ್ನು ಬಂದರಿಗೆ ಒಯ್ದ ಹಳಿಗಳೇ ಜ್ವರವನ್ನು ಬಯಲುಸೀಮೆಗೆ ತಂದವು. ಧಾರವಾಡ, ವಿಜಾಪುರ, ಬೆಂಗಳೂರು, ಮೈಸೂರು ಯಾವುದೂ ಉಳಿಯಲಿಲ್ಲ. ಯುದ್ಧರಂಗದಲ್ಲಿ ಮಡಿದ ಕನ್ನಡಿಗರಿಗಿಂತ ಮನೆಯ ಚಾಪೆಯ ಮೇಲೆ ಸತ್ತವರ ಸಂಖ್ಯೆ ಎಷ್ಟೋ ಪಟ್ಟು ದೊಡ್ಡದು.

೧೯೩೯ರಲ್ಲಿ ಅದೇ ಪ್ರಸಂಗ ಇಡೀ ದೇಶದ ಮಟ್ಟದಲ್ಲಿ ಮರುಕಳಿಸಿತು. ಸೆಪ್ಟೆಂಬರ್ ೩ರಂದು ವೈಸರಾಯ್ ಲಿನ್‌ಲಿತ್‌ಗೋ ಯಾವ ಜನಪ್ರತಿನಿಧಿಯನ್ನೂ ಕೇಳದೆ ಭಾರತ ಯುದ್ಧದಲ್ಲಿದೆಯೆಂದು ಸಾರಿದರು. ಈ ಬಾರಿ ಬಿಲ್ಲು ಮುರಿಯುವ ಒಂದು ದಾರಿಯಿತ್ತು: ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಬಿ. ಜಿ. ಖೇರರ ಮಂತ್ರಿಮಂಡಲ ಇತರ ಕಾಂಗ್ರೆಸ್ ಮಂತ್ರಿಮಂಡಲಗಳಂತೆ ರಾಜೀನಾಮೆ ನೀಡಿತು. ಸನ್ನಾಹವೇನೂ ನಿಲ್ಲಲಿಲ್ಲ. ಮೈಸೂರು ಸರಕಾರ ವಾಲ್‌ಚಂದ್ ಹೀರಾಚಂದರೊಡನೆ ಕೂಡಿ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿತು. ಗಂಧದೆಣ್ಣೆಯ ಪಾಠ ಮರೆತಿರಲಿಲ್ಲ. ಮುಂಬಯಿಯಲ್ಲಿ ೧೯೪೩ರ ಮೇ ತಿಂಗಳಲ್ಲಿ ಪಡಿತರ ಬಂದಿತು. ೧೯೪೪ರ ಏಪ್ರಿಲ್ ೧೪ರಂದು ಬಂದರಿನಲ್ಲಿ ಮದ್ದುಗುಂಡು ತುಂಬಿದ್ದ ಹಡಗು ಸಿಡಿದು ಗೋದಿಗಳೂ ಸುತ್ತಲಿನ ಬಸ್ತಿಗಳೂ ಸುಟ್ಟವು. ಕಲ್ಯಾಣದ ಬಳಿ ಬಯಲುಗಳಲ್ಲಿ ಸಾವಿರಾರು ಸೈನಿಕರು ತಂಗುವ ಶಿಬಿರ ಎದ್ದಿತು, ಸಾಲುಸಾಲು ಬ್ಯಾರಕ್ಕುಗಳು. ಯುದ್ಧ ಮುಗಿದು ಅವು ಖಾಲಿಯಾದವು; ದೇಶ ಇಬ್ಭಾಗವಾದಾಗ ಸಿಂಧ್ ಪ್ರಾಂತದಿಂದ ಬಂದ ನಿರಾಶ್ರಿತರಿಂದ ಮತ್ತೆ ತುಂಬಿದವು. ೧೯೪೯ರ ಆಗಸ್ಟಿನಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಆ ಶಿಬಿರವನ್ನು ಉಲ್ಹಾಸನಗರವೆಂಬ ಊರಾಗಿಸಿದರು. ಠಾಣೆಯ ಪೂರ್ವಕ್ಕೆ, ಹಳಿಗಳಾಚೆಯ ಕೋಪರಿಯಲ್ಲಿ ನೆಲೆಸಿದ ಸಿಂಧಿ ಕುಟುಂಬಗಳೂ ಅದೇ ಕಾಲದ ವಲಸೆಯವು. ಬ್ಯಾರಕ್ಕುಗಳ ನಡುವೆ ಪರದೆ ಕಟ್ಟಿಕೊಂಡು ಸಂಸಾರ ಹೂಡಿದವರು ಮೊದಲು ಮಾಡಿದ ಕೆಲಸ ಸಣ್ಣಪುಟ್ಟ ಅಂಗಡಿಗಳನ್ನು ತೆರೆದದ್ದು.